ಪೇತ್ರನ ಪಾರ್ಟು

"ಆಗಲ್ಲ ಅಂದ್ರೆ ಆಗಲ್ಲ ಕಣ್ರೀ ಮೇಷ್ಟ್ರೇ. ಈ ಮಾತು ನನ್ನ ಬಾಯಲ್ಲಿ ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕಳಿ."

ಕೃಷ್ಣಪ್ಪ ಪೇತ್ರನ ಪಾರ್ಟಿನ ನೋಟ್‌ಬುಕ್ಕನ್ನು ಬೆಂಚಿನ ಮೇಲೆ ಬಿಸಾಡಿದ. ಇನ್ನಾಸಯ್ಯನದೊಡ್ಡಿಯ ಇಗರ್ಜಿ ಮುಂದಿನ ಬಯಲಿನಲ್ಲಿ ತಾಲೀಮು ನಡೆಯುತ್ತಿತ್ತು. ಹಾರ್ಮೋನಿಯಂ ಗಕ್ಕನೆ ನಿಂತಿತು. ರೋಮನ್ ಸೈನಿಕರಾಗಿದ್ದ ನಾಲ್ವರು ಬಿದಿರಿನ ಈಟಿಗಳನ್ನು ಗೋಡೆಗೆ ಒರಗಿಸಿ, ಇನ್ನು ಜಗಳ ಮುಗಿಯುವ ತನಕ ಕೆಲಸವಿಲ್ಲ ಎಂದು ನೆಲದ ಮೇಲೆ ಕೂತರು.

ಜೋಜಪ್ಪ ಮೇಷ್ಟ್ರು ಕನ್ನಡಕ ತೆಗೆದರು. ಮೂವತ್ತು ವರ್ಷ ಆ ಊರಿನ ಇಗರ್ಜಿಯಲ್ಲಿ ಉಪದೇಶಿಯಾಗಿದ್ದವರು, ಯೇಸುವಿನ ಪಾಡಿನ ನಾಟಕಕ್ಕೆ ಮೊದಲಿನಿಂದಲೂ ಅವರೇ ಮೇಷ್ಟ್ರು. "ಯಾಕಪ್ಪ ಬರಲ್ಲ? ಐದೇ ಪದ. 'ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ.' ಮೂರು ಸಲ ಅಂದು ಒಳಕ್ಕೆ ಹೋಯ್ತಾ ಇರು."

"ಆಗ ತಾನೆ ಗುರುಗೋಸ್ಕರ ಕತ್ತಿ ಹಿರಿದು ಕಿವಿ ಕತ್ತರಿಸಿರೋನು ಅವ್ನು. ಒಬ್ಬ ಕೆಲಸದೋಳು ಕೇಳಿದ್ದಕ್ಕೆ ಹೆದರ್ಕೊಂಡು ಗುರುನೇ ಗೊತ್ತಿಲ್ಲ ಅಂತಾನಾ? ಬರ್ದೋನು ತಪ್ಪು ಬರ್ದವ್ನೆ."

"ಬರ್ದೋರು ನಾಲ್ಕು ಜನ ಕಣಯ್ಯ. ನಾಲ್ಕು ಜನಾನೂ ಅದನ್ನೇ ಬರ್ದವ್ರೆ."

"ಹಂಗಾದ್ರೆ ನಾಲ್ಕು ಜನಾನೂ ಸೇರ್ಕೊಂಡು ಅವನ ಮಾನ ಕಳದವ್ರೆ."

ಸೈನಿಕರು ನಕ್ಕರು. ಮೇಷ್ಟ್ರು ನಗಲಿಲ್ಲ. ಅವರೂ ಸಿಟ್ಟಿನ ಮನುಷ್ಯರೇ. ಎದ್ದು ಹತ್ತಿರ ಬಂದು, ಎಲ್ಲರಿಗೂ ಕೇಳಿಸುವ ಹಾಗೆ ಅಂದುಬಿಟ್ಟರು: "ಹದಿನಾಲ್ಕು ವರ್ಷದಿಂದ ಆ ಮಾತು ಆಡ್ಕೊಂಡೇ ಬಂದಿದೀಯ. ಭಾನು ಯಾರು ಅಂತ ಕೇಳ್ದೋರಿಗೆಲ್ಲ ಗೊತ್ತಿಲ್ಲ ಅಂದೆ. ಬಣ್ಣ ಹಚ್ಚದೆ, ಹಗಲು ಹೊತ್ನಲ್ಲೇ ಅಂದೆ. ಈಗ ಸ್ಟೇಜ್ ಮೇಲೆ ಅನ್ನಕ್ಕೆ ನಾಚಿಕೆ ಆಯ್ತದಾ?"

ಕೃಷ್ಣಪ್ಪನ ಮುಖದ ಬಣ್ಣ ಹೋಯಿತು. ಕೈ ಎತ್ತಿಯೇ ಬಿಡುತ್ತಾನೆ ಅಂದುಕೊಂಡು ಇಬ್ಬರು ಸೈನಿಕರು ಎದ್ದರು. ಅವನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬೈಕಿಗೆ ನಾಲ್ಕು ಸಲ ಒದ್ದು, ಧೂಳೆಬ್ಬಿಸಿಕೊಂಡು ಸಾತನೂರಿನ ರಸ್ತೆ ಹಿಡಿದ.

ಭಾನು ಅಂದರೆ ಭಾನುಪ್ರಿಯ, ಅವನ ಒಬ್ಬಳೇ ತಂಗಿ. ಹದಿನಾಲ್ಕು ವರ್ಷದ ಹಿಂದೆ ಇದೇ ಇನ್ನಾಸಯ್ಯನದೊಡ್ಡಿಯ ಆರೋಗ್ಯರಾಜು ಎಂಬ ಹುಡುಗನ ಜೊತೆ ಹೋಗಿ ಇಗರ್ಜಿಯಲ್ಲಿ ಮದುವೆಯಾದಳು. ಅವನ ಊರಿಗೂ ಇದಕ್ಕೂ ನಡುವೆ ಇರುವುದು ಮೂರು ಮೈಲಿ. ಮದುವೆಯಾದ ಮರುವರ್ಷ ಅವಳು ಕೂಸನ್ನು ಎತ್ತಿಕೊಂಡು ಬೆಳಗಿನ ಹಾಲಿನ ಹೊತ್ತಿಗೆ ಅವನ ಊರಿನ ಡೈರಿ ಹತ್ತಿರ ಬಂದು ನಿಂತು "ಅಣ್ಣಾ" ಅಂದಿದ್ದಳು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಹೊಸದಾಗಿ ಬಂದಿದ್ದ ಡೈರಿ ಸೆಕ್ರೆಟರಿ, ಯಾರಪ್ಪ ಇವರು ಎಂದು ಕೇಳಿದ. ಕೃಷ್ಣಪ್ಪ ಹಾಲು ಸುರಿಯುತ್ತಾ, ಯಾರೋ ದಾರೀಲಿ ಹೋಗೋರು, ನನಗೆ ಗೊತ್ತಿಲ್ಲ ಅಂದ. ಆ ಮೇಲೆ ಬಸ್ಸಿನಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ, ನೆಂಟರ ಮದುವೆಗಳಲ್ಲಿ, ಎಲ್ಲಿ ಯಾರು ಕೇಳಿದರೂ ಅದೇ ಉತ್ತರ. ಹೇಳಿ ಹೇಳಿ ಆ ಮಾತು ಅವನ ನಾಲಿಗೆಗೆ ಒಗ್ಗಿಹೋಗಿತ್ತು.

ಅಂಥವನು ಇವರ ನಾಟಕಕ್ಕೆ ಬಂದದ್ದಾದರೂ ಯಾಕೆ? ಸ್ಟೇಜಿನ ಹುಚ್ಚು. ಸಾತನೂರಿನ ಸುತ್ತ ಪೌರಾಣಿಕ ನಾಟಕದಲ್ಲಿ ಗದೆ ಹೊತ್ತು ಬರುವ ಪಾರ್ಟು ಅಂದರೆ ಕೃಷ್ಣಪ್ಪನದೇ. ಅವನ ಕಂಠ ಮೈಕಿಲ್ಲದೆ ಕೊನೇ ಸಾಲಿನವರೆಗೂ ಕೇಳುತ್ತಿತ್ತು. ಜನ "ಒನ್ಸ್ ಮೋರ್" ಅಂದರೆ ಆ ಹಾಡನ್ನೋ ಆ ಮಾತನ್ನೋ ಮತ್ತೆ ಮೊದಲಿಂದ ಆಡಲೇಬೇಕು, ಆಡದಿದ್ದರೆ ಕೂತ ಜನಕ್ಕೆ ಅವಮಾನ. ಅದು ನಮ್ಮ ಕಡೆಯ ನಾಟಕದ ಕಟ್ಟುಪಾಡು. ಕೃಷ್ಣಪ್ಪ ಹುಟ್ಟಿದಾರಭ್ಯ ಒಂದು ಒನ್ಸ್ ಮೋರನ್ನೂ ಬೇಡ ಅಂದವನಲ್ಲ. ಒಂದು ಸಲ ಒಂದೇ ಪದ್ಯವನ್ನು ಐದು ಸಲ ಹಾಡಿದ್ದ, ಎದುರಿಗೆ ಸಾಯಬೇಕಾಗಿದ್ದವನು ಬಿದ್ದಲ್ಲೇ ನಿದ್ದೆಹೋಗಿದ್ದ. ಈಗ ಊರಿನ ಮಂಡಳಿ ಒಡೆದು ಆರು ವರ್ಷ. ಬಣ್ಣದ ವಾಸನೆ ಇಲ್ಲದೆ ಒಣಗಿಹೋಗಿದ್ದ. ಇನ್ನಾಸಯ್ಯನದೊಡ್ಡಿಯಲ್ಲಿ ಪೇತ್ರನಾಗುತ್ತಿದ್ದವನು ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ಜೋಜಪ್ಪ ಮೇಷ್ಟ್ರು ಮನೆ ಬಾಗಿಲಿಗೇ ಬಂದು ಕೇಳಿದರು. ತಂಗಿಯ ಬೀದಿಗೆ ಕಾಲಿಡುವುದಿಲ್ಲ ಎಂಬ ಷರತ್ತಿನ ಮೇಲೆ ಇವನು ಒಪ್ಪಿಕೊಂಡ.

ಪೇತ್ರ ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪಾರ್ಟನ್ನು ಮಾಡುವುದು ಹೇಗೆ ಎಂದು ತಾನೇ ಹಟ ಹಿಡಿದು ಕೇಳಿದ. ಮೇಷ್ಟ್ರು ದಿನಾ ಸಂಜೆ ತಾಲೀಮಿಗೆ ಮುಂಚೆ ಹುಣಿಸೆ ಮರದ ಕೆಳಗೆ ಬೈಬಲ್ಲು ಬಿಚ್ಚಿಕೊಂಡು ಕೂತರು. ಇದು ಒಂದು ಪುಸ್ತಕ ಅಲ್ಲ, ಎಪ್ಪತ್ಮೂರು ಪುಸ್ತಕದ ಕಟ್ಟು ಅಂದರು. ಹಳೆಯ ಒಡಂಬಡಿಕೆ ಯೇಸು ಹುಟ್ಟುವುದಕ್ಕೆ ಮುಂಚಿನದು: ಲೋಕ ಹುಟ್ಟಿದ್ದು, ಜನ ದಾರಿ ತಪ್ಪಿದ್ದು, ದೇವರು ಮತ್ತೆ ಮತ್ತೆ ಕರೆದದ್ದು. ಹೊಸ ಒಡಂಬಡಿಕೆ ಯೇಸು ಬಂದ ಮೇಲಿನದು. ಅದರ ಮೊದಲಿಗೆ ಅವನ ಬಾಳನ್ನೇ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಎಂಬ ನಾಲ್ವರು ಬರೆದ ನಾಲ್ಕು ಶುಭಸಂದೇಶ. ದೇವರು ಒಬ್ಬನೇ, ಪಿತ, ಸುತ, ಪವಿತ್ರಾತ್ಮ ಅಂತ ಮೂವರಾಗಿ ಒಬ್ಬನೇ. ಆ ಸುತನೇ ಮನುಷ್ಯನಾಗಿ ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಬಡಗಿ ಕೆಲಸ ಮಾಡಿ, ಜನರ ಪಾಪ ತನ್ನ ಮೇಲೆ ಹೊತ್ತು ಶಿಲುಬೆಯ ಮೇಲೆ ಸತ್ತು, ಮೂರನೇ ದಿನ ಎದ್ದ. ನಮ್ಮ ನಂಬಿಕೆಯ ತಿರುಳು ಇಷ್ಟೇ ಅಂದರು.

ಕೃಷ್ಣಪ್ಪ ಸುಮ್ಮನೆ ಕೇಳುವ ಆಸಾಮಿಯಲ್ಲ. ದೇವರು ಅಂದಮೇಲೆ ಕೈಯಲ್ಲಿ ಒಂದು ಆಯುಧ ಬೇಡವಾ ಎಂದು ಜಗಳ ತೆಗೆದ. ಮುಖಕ್ಕೆ ಉಗಿದವರನ್ನು ಕ್ಷಮಿಸು ಅಂತ ಯೇಸು ಬೇಡಿಕೊಂಡ ಎಂದಾಗ, ಹಾಗಾದರೆ ನ್ಯಾಯ ಎಲ್ಲಿ ಉಳಿಯಿತು ಎಂದು ಎದ್ದು ನಿಂತೇ ಕೇಳಿದ. ಮೇಷ್ಟ್ರು, ನ್ಯಾಯ ಕೊಡುವುದು ಸುಲಭ, ಕ್ಷಮೆ ಕೊಡುವುದಕ್ಕೆ ದೇವರೇ ಇಳಿದು ಬರಬೇಕಾಯಿತು ಅಂದರು. ಅವನು ಸಿಟ್ಟಿನಲ್ಲೇ ತಾಲೀಮಿಗೆ ಹೋದ.

ಆದರೆ ಪೇತ್ರ ಬಂದ ಕೂಡಲೇ ಅವನ ಕಣ್ಣು ಅರಳಿತು. ಯೇಸುವಿನ ಶಿಷ್ಯ, ಮೀನು ಹಿಡಿಯುವವನು, ಓದಿಲ್ಲದವನು, ಯೋಚಿಸುವ ಮುಂಚೆ ಬಾಯಿ ಬಿಡುವವನು. ಗುರು ಬಗ್ಗಿ ಶಿಷ್ಯರ ಕಾಲು ತೊಳೆಯಲು ಬಂದಾಗ, ನನ್ನ ಕಾಲು ಮುಟ್ಟಬೇಡ ಎಂದು ಗದರಿದವನು. ಹಾಗಾದರೆ ನೀನು ನನ್ನವನಲ್ಲ ಅಂದಾಗ, ಕಾಲೊಂದೇ ಯಾಕೆ, ತಲೆಯನ್ನೂ ತೊಳೆ ಅಂದವನು. "ಇವ್ನು ನಮ್ಮೋನು ಕಣ್ರೀ," ಎಂದು ಕೃಷ್ಣಪ್ಪ ತೊಡೆ ತಟ್ಟಿದ. ಗುರುವನ್ನು ಹಿಡಿಯಲು ಬಂದಾಗ ಪೇತ್ರ ಕತ್ತಿ ಹಿರಿದದ್ದನ್ನು ಕೇಳಿದ ದಿನವಂತೂ ತಡೆಯಲಾಗಲಿಲ್ಲ. ತಾಲೀಮಿನಲ್ಲಿ ಹಳೇ ಗದೆಯ ಅಭ್ಯಾಸ ಮೈಮೇಲೆ ಬಂದು, ಒಂದು ಕಿವಿ ಕತ್ತರಿಸಿ ನಿಲ್ಲಬೇಕಾದವನು ನಾಲ್ಕೂ ಸೈನಿಕರನ್ನು ಬಯಲಿನ ಆಚೆ ನಲ್ಲಿಕಟ್ಟೆಯ ತನಕ ಅಟ್ಟಿಸಿಕೊಂಡು ಹೋದ. ಯೇಸುವಿನ ಪಾರ್ಟಿನ ಹುಡುಗ, ನನ್ನನ್ನು ಹಿಡಿಯುವುದಕ್ಕೆ ಯಾರೂ ಉಳಿದಿಲ್ಲ ಮೇಷ್ಟ್ರೇ, ಮನೆಗೆ ಹೋಗಲಾ ಎಂದು ಕೇಳಿದ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯೇಸು ಆ ಕಿವಿಯನ್ನು ಮುಟ್ಟಿ ವಾಸಿ ಮಾಡಿದ ಅಂದದ್ದಕ್ಕೆ ಮಾತ್ರ ಕೃಷ್ಣಪ್ಪ ಅರ್ಧ ದಿನ ಮುನಿಸಿಕೊಂಡಿದ್ದ.

ಇಷ್ಟು ಹಚ್ಚಿಕೊಂಡವನಿಗೆ ಅದೇ ಪೇತ್ರ ಗೊತ್ತಿಲ್ಲ ಅನ್ನುತ್ತಾನೆ ಎಂದರೆ ಹೇಗಾಗಬೇಡ?

ಜಗಳವಾದ ಮಾರನೆಯ ಬೆಳಗ್ಗೆ ಜೋಜಪ್ಪ ಮೇಷ್ಟ್ರು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಬೈಕಿನ ಸದ್ದು ಕೇಳಿತು. ಕೃಷ್ಣಪ್ಪ ಬದುವಿನ ಮೇಲೆ ನಿಂತು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಕೇಳಿದ.

"ಆಮೇಲೆ ಏನಾಯ್ತು ಅವ್ನಿಗೆ?"

"ಯಾರಿಗೆ?"

"ಆ ಗೊತ್ತಿಲ್ಲ ಅಂದೋನಿಗೆ."

ಮೇಷ್ಟ್ರು ಕುಡುಗೋಲು ಕೆಳಗಿಟ್ಟರು. ಮೂರನೇ ಸಲ ಗೊತ್ತಿಲ್ಲ ಅಂದ ಕೂಡಲೇ ಕೋಳಿ ಕೂಗಿತು, ಯೇಸು ತಿರುಗಿ ಅವನನ್ನು ನೋಡಿದ, ಇವನು ಹೊರಕ್ಕೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ ಅಂದರು. ಯೇಸು ಎದ್ದು ಬಂದ ಮೇಲೆ ಒಂದು ಬೆಳಗ್ಗೆ ಕೆರೆ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಬನ್ನಿ ತಿನ್ನಿ ಎಂದು ದೋಣಿಯಲ್ಲಿದ್ದ ಶಿಷ್ಯರನ್ನು ಕರೆದ. ದೋಣಿ ದಡಕ್ಕೆ ಬರುವ ತನಕ ಕಾಯದೆ ಪೇತ್ರ ನೀರಿಗೇ ಹಾರಿದ.

"ಬೈದ್ನಾ?"

"ಇಲ್ಲ."

"ಯಾಕಂಗಂದೆ ಅಂತ ಒಂದು ಮಾತೂ ಕೇಳ್ನಿಲ್ವಾ?"

"ಒಂದೇ ಕೇಳ್ದ. ನನ್ನ ಮೇಲೆ ಪ್ರೀತಿ ಐತಾ ಅಂತ. ಮೂರು ಸಲ ಕೇಳ್ದ. ಮೂರು ಸಲಾನೂ ಐತೆ ಅಂದ ಮೇಲೆ, ನನ್ನ ಕುರಿಗಳನ್ನ ನೀನೇ ನೋಡ್ಕೊ ಅಂದ."

ಕೃಷ್ಣಪ್ಪ ಬದುವಿನಿಂದ ಇಳಿದು ಹತ್ತಿರ ಬಂದ. ಕೇಳಿದ: "ಆ ಸೀನು ನಾಟಕದಲ್ಲಿ ಐತಾ?"

"ಅದೇ ಕೊನೇ ಸೀನು."

"ಹಂಗಾದ್ರೆ ಬತ್ತೀನಿ," ಅಂದ. ಬೈಕು ಹತ್ತಿದವನು ಮತ್ತೆ ಇಳಿದು, ತನ್ನ ಚಪ್ಪಲಿ ನೋಡಿಕೊಂಡು, ನಾಟಕಕ್ಕೆ ಊರಿನವರೆಲ್ಲ ಬರುತ್ತಾರಾ ಎಂದು ಕೇಳಿದ. ಅವನು ಕೇಳುತ್ತಿದ್ದದ್ದು ಯಾರನ್ನು ಎಂದು ಮೇಷ್ಟ್ರಿಗೆ ತಿಳಿಯಿತು. ಭಾನು ಬರಲ್ಲ, ಅವರ ಮನೆಯ ರೇಷ್ಮೆ ಹುಳ ಅವತ್ತಿಗೆ ಸರಿಯಾಗಿ ಹಣ್ಣಾಗುತ್ತವೆ, ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು ಬಿಟ್ಟು ಯಾರು ಬರುತ್ತಾರೆ, ಆರೋಗ್ಯರಾಜುಗೂ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಶಿಫ್ಟು ಇದೆ, ಒಬ್ಬಳೇ ಒದ್ದಾಡಬೇಕು ಅಂದರು. ಒಳ್ಳೆಯದೇ ಆಯಿತು ಎಂದು ಕೃಷ್ಣಪ್ಪ ಅಂದ. ಆದರೆ ಹಣ್ಣಾದ ಹುಳ ಹೊತ್ತು ಮೀರಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ, ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಹುಳ ಸಾಕುವ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದ ಹಿಂದಿನ ಶನಿವಾರ ಸಂಜೆ ಐದಕ್ಕೆ ನಾಟಕ ಶುರುವಾಯಿತು. ಇಗರ್ಜಿ ಮುಂದಿನ ಬಯಲಿನಲ್ಲಿ ಜನವೋ ಜನ. ಕಡಲೆಕಾಯಿ ಗಾಡಿ, ಜನರೇಟರಿನ ಗುಡುಗು, ಎರಡು ಬಣ್ಣದ ದೀಪ, ಇಗರ್ಜಿ ಮೆಟ್ಟಿಲ ತುಂಬ ಹೆಂಗಸರು. ಕೃಷ್ಣಪ್ಪನ ಊರಿನಿಂದ ಮೂರು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಮುಂದಿನ ಟ್ರೇಲರಿನ ಮೇಲೆ ಅವನ ಹಳೇ ಜೊತೆಗಾರ ನಾಗರಾಜು ನಿಂತೇ ಇದ್ದ, ಕೂರುವುದಕ್ಕೆ ಅವನಿಗೆ ಪುರಸೊತ್ತಿರಲಿಲ್ಲ. ಇದು ದೇವರ ಪಾಡು, ಯಾರೂ ಶಿಳ್ಳೆ ಹೊಡೆಯಬೇಡಿ, ಒನ್ಸ್ ಮೋರ್ ಕೂಗಬೇಡಿ ಎಂದು ಮೇಷ್ಟ್ರು ಮೈಕಿನಲ್ಲಿ ಎರಡು ಸಲ ಹೇಳಿದರು.

ಹೇಳಿ ಪ್ರಯೋಜನವೇನು? ಉದ್ದ ಗಡ್ಡ, ಕಂಬಳಿ ಬಣ್ಣದ ನಿಲುವಂಗಿ ಹಾಕಿ ಕೃಷ್ಣಪ್ಪ ಬಂದದ್ದೇ ತಡ, ಬಯಲು ಅಲ್ಲಾಡಿತು. ಕತ್ತಿ ಹಿರಿದಾಗ ನಾಗರಾಜು ಒನ್ಸ್ ಮೋರ್ ಕೂಗಿದ, ಮೂರು ಟ್ರ್ಯಾಕ್ಟರೂ ಕೂಗಿದವು. ಕೃಷ್ಣಪ್ಪ ಮೇಷ್ಟ್ರ ಕಡೆ ನೋಡಲೂ ಇಲ್ಲ, ಇನ್ನೊಂದು ಸಲ ಕಿವಿ ಕತ್ತರಿಸಿಯೇ ಬಿಟ್ಟ. ಯೇಸುವಿನ ಪಾರ್ಟಿನ ಹುಡುಗ ಇನ್ನೊಂದು ಸಲ ವಾಸಿ ಮಾಡಿದ. ಹೆಂಗಸರೂ ನಕ್ಕರು. ಎಷ್ಟೋ ವರ್ಷದ ಮೇಲೆ ಕೃಷ್ಣಪ್ಪನ ಎದೆಯಲ್ಲಿ ತಮಟೆ ಬಡಿಯುತ್ತಿತ್ತು.

ಹೊತ್ತು ಮುಳುಗುವಾಗ ಆ ಸೀನು ಬಂತು. ಸ್ಟೇಜಿನ ಮಧ್ಯೆ ಬೆಂಕಿ, ಅದರ ಮುಂದೆ ಪೇತ್ರ. ಅತ್ತ ಮೂಲೆಯಲ್ಲಿ ಕೈಗೆ ಹಗ್ಗ ಕಟ್ಟಿಸಿಕೊಂಡ ಯೇಸು. ಕೆಲಸದವಳ ಪಾರ್ಟಿನ ಹೆಂಗಸು, ನೀನೂ ಅವನ ಜೊತೆಯವನಲ್ಲವಾ ಎಂದು ಕೇಳಿದಳು. ಕೃಷ್ಣಪ್ಪ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂದ. ಇಷ್ಟೇ ತಾನೆ ಅನ್ನಿಸಿತು. ಎರಡನೆಯ ಸಲ ಒಬ್ಬ ಸೈನಿಕ ಕೇಳಿದ. ಅದೇ ಮಾತು ಅನ್ನುವಾಗ ಡೈರಿಯ ಹಾಲಿನ ವಾಸನೆ ಮೂಗಿಗೆ ಹೊಡೆದ ಹಾಗಾಯಿತು. ಮೂರನೆಯ ಸಲ ಎಲ್ಲರೂ ಸುತ್ತುವರಿದು, ನಿಜ ಹೇಳು ಅಂದರು. ಕೃಷ್ಣಪ್ಪ ಬಾಯಿ ತೆರೆದ. ಹೊರಗೆ ಬಂದದ್ದು ಸ್ಟೇಜಿನ ದನಿಯಲ್ಲ, ಹದಿಮೂರು ವರ್ಷದ ಹಿಂದೆ ಕ್ಯಾನು ಹಿಡಿದು ಆಡಿದ ದನಿ, ಸಣ್ಣದು, ಹೇಡಿಯದು. ಆದರೂ ಬಯಲಿನ ಕೊನೆಯ ತನಕ ಕೇಳಿಸಿತು. ಪರದೆಯ ಹಿಂದೆ ಕೋಳಿ ಕೂಗಬೇಕಾದವನು ಕೂಗುವುದನ್ನೇ ಮರೆತ.

ಆಗ ನಾಗರಾಜು ಹೆಮ್ಮೆಯಿಂದ, ಕಣ್ಣಲ್ಲಿ ನೀರು ತುಂಬಿಕೊಂಡು, ಟ್ರೇಲರಿನ ಮೇಲಿಂದ ಕೂಗಿದ.

"ಒನ್ಸ್ ಮೋರ್ ಕಣ್ಲಾ ಕೃಷ್ಣಾ."

ಬಯಲಿಗೆ ಬಯಲೇ ಹಿಡಿದುಕೊಂಡಿತು. ಒನ್ಸ್ ಮೋರ್, ಒನ್ಸ್ ಮೋರ್.

ಕೃಷ್ಣಪ್ಪ ಜನರ ಕಡೆ ನೋಡಿದ. ಮೂಲೆಯಲ್ಲಿ ಯೇಸುವಾಗಿದ್ದ ಹುಡುಗ ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ ತಿರುಗಿ ಅವನನ್ನು ನೋಡುತ್ತಿದ್ದ, ಬೈಯುವ ನೋಟವಲ್ಲ. ಇನ್ನೊಂದು ಸಲ ಅನ್ನಬೇಕು. ಅಂದರೆ ಚಪ್ಪಾಳೆ.

"ಇನ್ನೊಂದ್ಸಲ ಅನ್ನಲ್ಲ ಕಣ್ಲಾ ನಾಗ," ಎಂದು ಕೃಷ್ಣಪ್ಪ ಮೈಕಿನಲ್ಲೇ ಅಂದ. "ಅಂದಿದ್ದು ಸಾಕು."

ಸ್ಟೇಜಿನ ಮುಂದಿನಿಂದಲೇ ಧುಮುಕಿದ. ಜನ ಇದೂ ನಾಟಕವೇ ಅಂದುಕೊಂಡು ದಾರಿ ಬಿಟ್ಟರು. ಗಡ್ಡ, ನಿಲುವಂಗಿ, ಬರಿಗಾಲು, ಹಾಗೆಯೇ ನಡೆದ. ಇಗರ್ಜಿ ದಾಟಿ, ನಲ್ಲಿಕಟ್ಟೆ ದಾಟಿ, ಕಾಲಿಡುವುದಿಲ್ಲ ಅಂದಿದ್ದ ಬೀದಿಗೆ ಕಾಲಿಟ್ಟ. ಯಾವ ಮನೆ ಎಂದು ಕೇಳಬೇಕಾಗಿರಲಿಲ್ಲ. ಊರೆಲ್ಲ ನಾಟಕಕ್ಕೆ ಹೋಗಿದ್ದಾಗ ದೀಪ ಉರಿಯುತ್ತಿದ್ದ ಹುಳದ ಮನೆ ಒಂದೇ ಇತ್ತು. ಹುಳಕ್ಕೆ ರೋಗ ತಗಲದಿರಲೆಂದು ಬಾಗಿಲಲ್ಲಿ ಸುಣ್ಣದ ನೀರಿನ ತಟ್ಟೆ ಇತ್ತು.

ಒಳಗೆ ತಟ್ಟೆಯ ಮೇಲೆ ಬಗ್ಗಿ ಹಣ್ಣುಹುಳ ಆರಿಸುತ್ತಿದ್ದವಳು ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತದೆ ಅಂದಳು. "ಯಾರದು? ಕಾಲು ಅದ್ಕೊಂಡು ಬನ್ನಿ."

ಕೃಷ್ಣಪ್ಪ ಸುಣ್ಣದ ನೀರಿನಲ್ಲಿ ಎರಡೂ ಕಾಲು ಅದ್ದಿದ. ಕೈಯನ್ನೂ ಅದ್ದಿದ.

"ನಿಮ್ಮಣ್ಣ ಕಣವ್ವ."

ಭಾನುಪ್ರಿಯ ತಿರುಗಿ ನೋಡಿದಳು. ಗಡ್ಡ ನೋಡಿದಳು, ನಿಲುವಂಗಿ ನೋಡಿದಳು. ಅವಳ ಅಂಗೈಯಲ್ಲಿದ್ದ ಹುಳ ಆಗಲೇ ಬೆರಳಿಗೆ ನೂಲು ಸುತ್ತುತ್ತಿತ್ತು. ಅವಳು ಪಕ್ಕಕ್ಕೆ ಸರಿದು ಇನ್ನೊಂದು ತಟ್ಟೆಯನ್ನು ಅವನ ಕಡೆ ತಳ್ಳಿದಳು. ಅವನು ಗಡ್ಡ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತ.

ಅವನ ತಟ್ಟೆ ಮುಗಿಯುವ ಹೊತ್ತಿಗೆ ಬಯಲಿನ ಕಡೆಯಿಂದ ಮೈಕು ಕೂಗುತ್ತಿತ್ತು. ಪೇತ್ರನ ಪಾತ್ರಧಾರಿಗಳು ಎಲ್ಲಿದ್ದರೂ ಸ್ಟೇಜಿಗೆ ಬರಬೇಕು, ಕೊನೇ ಸೀನು ಬಾಕಿ ಇದೆ, ಯೇಸು ಕಾಯುತ್ತಿದ್ದಾರೆ ಎಂದು ಕೂಗಿತು. ಇನ್ನೊಂದು ಸಲ ಕೂಗಿತು. ಕೃಷ್ಣಪ್ಪ ಹೋಗಲಿಲ್ಲ.