ವಿಮಾನದ ಕಲ್ಲಿನ ಮೂರನೆಯ ಸಾಲು

ಹೆದ್ದಾರಿ ಪಕ್ಕದ ವಿಮಾನದ ಕಲ್ಲಿನ ಮೇಲೆ ಎರಡೇ ಹೆಸರುಗಳಿದ್ದವು. ಎಲ್ಲೂ ಇಳಿಯದೆ ವಿಮಾನದಲ್ಲಿ ಸಮುದ್ರ ದಾಟಿ, ಹಿಂದಿರುಗುವಾಗ ಕಾಣೆಯಾದವರ ಸ್ಮಾರಕ ಅದು. ನಲವತ್ತೆರಡು ವರ್ಷಗಳ ಹಿಂದೆ ಅದನ್ನು ಕೆತ್ತಿದವರು ನನ್ನ ದೊಡ್ಡಪ್ಪ. ಸವೆದ ಅಕ್ಷರಗಳನ್ನು ಮತ್ತೆ ಕೊರೆಯುವ ಕೆಲಸ ಬಂದಾಗ, ಕೈ ನಡುಗುತ್ತಿದ್ದರೂ ತಾವೇ ಹೋಗುತ್ತೇನೆಂದು ಹಟ ಹಿಡಿದರು. ಹಟದಲ್ಲಿ ನಾನೇನು ಕಡಿಮೆಯವಳಲ್ಲ. ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟೆ.

ಎರಡನೆಯ ಹೆಸರಿನ ಕೆಳಗೆ ಉಳಿ ತಾಗಿದಾಗ ಸದ್ದು ಬೇರೆ ಬಂತು. ಕಲ್ಲಿನದಲ್ಲ, ಅರಗಿನದು. ತಪ್ಪಾಗಿ ಕೊರೆದ ಅಕ್ಷರಕ್ಕೆ ಕಲ್ಲುಪುಡಿ ಬೆರೆಸಿದ ಅರಗು ತುಂಬಿ ಉಜ್ಜುವುದು ನಮ್ಮ ಮನೆಯ ಗುಟ್ಟು. ಮಹಾ ದೊಡ್ಡಪ್ಪನೂ ತಪ್ಪು ಮಾಡಿದ್ದರಲ್ಲ ಎಂದು ಒಳಗೊಳಗೇ ನಗುತ್ತ ಗ್ಯಾಸಿನ ಉರಿ ಹಿಡಿದೆ. ಅರಗು ಕರಗಿ ಇಳಿಯಿತು. ಮೂಡಿದ್ದು ನನ್ನ ಅಪ್ಪನ ಹೆಸರು. ಪಕ್ಕದಲ್ಲಿ 'ಮೆಕ್ಯಾನಿಕ್' ಎಂದಿತ್ತು.

ಏಣಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅಪ್ಪ ತನ್ನ ಅಣ್ಣನ, ಅಂದರೆ ದೊಡ್ಡಪ್ಪನ, ಜೊತೆ ಜಗಳವಾಡಿ ಊರು ಬಿಟ್ಟನೆಂದೇ ನಂಬಿದ್ದೆ. ಅವನನ್ನು ಬೈದುಕೊಂಡೇ ಬೆಳೆದವಳು ನಾನು. ಅಮ್ಮ ಮಾತ್ರ, ಅವನು ಬಂದರೆ ತಟ್ಟಬೇಕಾಗಬಾರದೆಂದು, ನಾವಿಬ್ಬರೂ ದೊಡ್ಡಪ್ಪನೂ ಇರುವ ಮನೆಯ ಬಾಗಿಲಿಗೆ ಇಂದಿಗೂ ಚಿಲಕ ಹಾಕುವುದಿಲ್ಲ.

ಮನೆಯಂಗಳದ ಶೆಡ್ಡಿನಲ್ಲಿ ಉಳಿ ಮಸೆಯುತ್ತಿದ್ದ ದೊಡ್ಡಪ್ಪ ನನ್ನ ಕೈಗೆ ಮೆತ್ತಿದ್ದ ಅರಗನ್ನು ನೋಡಿ ಉಳಿ ಕೆಳಗಿಟ್ಟರು.

"ನಿಮ್ಮಪ್ಪ ಆ ವಿಮಾನ ಹತ್ತಿದಾಗ ನಿಮ್ಮಮ್ಮ ಹೆರಿಗೆಗೆ ತಾಯಿ ಮನೇಲಿದ್ಲು, ಅವಳಿಗೆ ಗೊತ್ತೇ ಇರ್ಲಿಲ್ಲ. ಸತ್ತ ಅಂದ್ರೆ ನೀವಿಬ್ರೂ ಉಳಿಯಲ್ಲ ಅಂತ ಹೆದರಿದೆ. ನನ್ನ ಜೊತೆ ಜಗಳ ಆಡ್ಕೊಂಡು ಹೋಗಿದಾನೆ, ಬರ್ತಾನೆ ಅಂದೆ. ಕಲ್ಲು ನಿಲ್ಲಿಸಿದ ವಾರಕ್ಕೆ ನಿನ್ನ ಎತ್ಕೊಂಡು ಬಂದ್ಲು. ಅವಳು ಬರೋ ಹಿಂದಿನ ದಿನ ಹೆಸರು ಮುಚ್ಚಿದೆ. ಉದ್ಘಾಟನೆ ಆದ್ಮೇಲೆ ಆ ಕಲ್ಲನ್ನ ಯಾರು ಓದ್ತಾರೆ?"

"ಆಮೇಲಾದ್ರೂ ಹೇಳ್ಬಾರದಿತ್ತಾ?"

"ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇಷ್ಟು ದೂರ ಬಂತಮ್ಮ."

ಬಾಯಿಗೆ ಬಂದ ಮಾತು ನುಂಗಿಕೊಂಡು ಅಮ್ಮನನ್ನು ಕಲ್ಲಿನ ಹತ್ತಿರ ಕರೆದೊಯ್ದೆ. ಅವಳೇ ಓದಿದಳು. ಲಾರಿಗಳು ಹಾದುಹೋಗುತ್ತಲೇ ಇದ್ದವು. ಅವಳು ಮತ್ತೊಮ್ಮೆ ಮೊದಲಿಂದ ಓದಿದಳು.

"ಯಾರು ಮುಚ್ಚಿದ್ದು?" ಎಂದಳು.

ಹೇಳಿದೆ, ಯಾಕೆಂಬುದನ್ನೂ ಹೇಳಿದೆ. ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ಮನೆಗೆ ಬಂದವಳೇ ಅಮ್ಮ ಎಣ್ಣೆ ತಂದಳು. ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಎರಡೂ ಕೈಯಿಂದ ಎಳೆದು ಚಿಲಕ ಹಾಕಿದಳು.

ದೊಡ್ಡಪ್ಪ ಇನ್ನೂ ಹೊರಗೇ ಇದ್ದರು.