ಶುಕ್ರವಾರದ ರಿಪೇರಿ

ಕಾರಿನ ಬಾನೆಟ್ಟಿನ ಮೇಲೆ ಯಾರೋ ಇಟ್ಟಿದ್ದ ಹೂವಿನ ಬುಟ್ಟಿಯನ್ನು ಎಸಿ ಮೆಕ್ಯಾನಿಕ್ ಕೆಳಗಿಳಿಸುತ್ತಿದ್ದಾಗ ಸತ್ತವರ ಮಗಳು ನೇರ ಬಂದು ಅವನ ಮುಂದೆ ನಿಂತಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು, ಮಾತು ಮಾತ್ರ ಚೂಪಾಗಿಯೇ ಇತ್ತು.

“ಅಪ್ಪನ ಕಾರಿನ ಎಸಿ ಬಿಚ್ಚೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತಲ್ರೀ! ಶುಕ್ರವಾರ ಬಂದ್ರೆ ಸಾಕು, ನಮ್ಮಪ್ಪನ್ನ ಬಿಸಿಲಲ್ಲಿ ನಿಲ್ಲಿಸ್ಕೋತಿದ್ರಿ. ಆ ಬಿಸಿಲೇ ಅವರನ್ನ ತಿಂದಿದ್ದು.”

ಕುರ್ಚಿಗಳಲ್ಲಿ ಕೂತಿದ್ದ ಏಳೆಂಟು ಮಂದಿ ತಿರುಗಿ ನೋಡಿದರು. ಮೆಕ್ಯಾನಿಕ್ ಬುಟ್ಟಿಯನ್ನು ಕೆಳಗಿಟ್ಟ. ಎಸಿ ಮೊದಲನೇ ವರ್ಷವೇ ಸರಿಹೋಗಿತ್ತು. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಅವನು ಸತ್ತವರಿಗೆ ಮಾತು ಕೊಟ್ಟಿದ್ದ. ಹೇಳಿಬಿಟ್ಟರೆ ತನ್ನ ಹೆಸರೇನೋ ಉಳಿಯುತ್ತಿತ್ತು. ಆದರೆ ಮನೆಯೊಳಗೆ ಮಲಗಿರುವ ಮನುಷ್ಯ ಎಷ್ಟು ಒಂಟಿಯಾಗಿದ್ದರೆಂದು ಇಷ್ಟು ಜನರ ಮುಂದೆ ಬಯಲಾಗುತ್ತಿತ್ತು. ಅದಕ್ಕೆ ಅವನಿಗೆ ಮನಸ್ಸು ಬರಲಿಲ್ಲ.

“ತಪ್ಪಾಯ್ತಮ್ಮಾ” ಎಂದ.

“ಹೋಗ್ಲಿ ಬಿಡೇ” ಎಂದರು ಸತ್ತವರ ಅಕ್ಕ, ಎಂಬತ್ತು ದಾಟಿದ ಮುದುಕಿ. “ನನ್ನ ಮಂಡಿಗೆ ಸ್ಮಶಾನಕ್ಕೆ ಹೋಗೋ ಆ ವ್ಯಾನು ಹತ್ತೋಕಾಗಲ್ಲ. ಈ ಡಕೋಟ ಗಾಡಿ ಇವನೊಬ್ಬನ ಮಾತು ಕೇಳೋದು. ಓಡಿಸಪ್ಪಾ, ನೀನೇ ಓಡಿಸು.”

*

ಸತ್ತವರು ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ನೋಡಿ ಬರೆದುಕೊಂಡವರು. ಬಾಗಿಲು ತಟ್ಟುವುದು, ಮೀಟರ್ ನೋಡುವುದು, ಹೊರಡುವುದು. ಬಾರಯ್ಯಾ ಕೂತ್ಕೋ ಎಂದವರು ಬೆರಳೆಣಿಕೆಯಷ್ಟು. ಕೆಲಸವಿಲ್ಲದೆ ಯಾರ ಮನೆಗೂ ಹೋಗಬಾರದು, ಯಾರನ್ನೂ ಕರೆಯಬಾರದು ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೂ, ಎರಡೇ ಬೀದಿ ಆಚೆಯಿದ್ದ ಮಗಳಿಗೆ ಸುಮ್ಮನೆ ಬಂದು ಹೋಗು ಎನ್ನಲಿಲ್ಲ. ಅದೆಂಥ ಹಟವೋ!

ಅವರ ಕಾರಿನ ಎಸಿ ಕೆಟ್ಟ ಆ ಮೊದಲ ಬೇಸಿಗೆಯಲ್ಲಿ ಮೆಕ್ಯಾನಿಕ್ ಪೈಪಿಗೆ ಸ್ವಲ್ಪ ಗ್ಯಾಸ್ ಬಿಟ್ಟು, ಒಂದೊಂದು ಜಾಯಿಂಟಿಗೂ ಸೋಪಿನ ನೀರು ಸವರಿ ಕಾದು ನೋಡಿದ. ಕಂಪ್ರೆಸರ್ ಪಕ್ಕದಲ್ಲಿ ಸಣ್ಣಗೆ ನೊರೆ ಎದ್ದಿತು. ಸವೆದಿದ್ದ ರಬ್ಬರ್ ರಿಂಗ್ ಬದಲಿಸಿ, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಹೊಸ ಗ್ಯಾಸ್ ತುಂಬಿದ. ಇಬ್ಬರೂ ಗಾಜು ಏರಿಸಿಕೊಂಡು ಒಳಗೆ ಕೂತರು, ಮುದುಕರು ಡ್ರೈವರ್ ಸೀಟಿನಲ್ಲಿ, ಅವನು ಪಕ್ಕದಲ್ಲಿ.

“ತಣ್ಣಗಿದೆ ಕಣಯ್ಯಾ.”

“ಇನ್ನು ಐದು ವರ್ಷ ನನ್ನ ಮುಖ ನೋಡೋ ಹಾಗಿಲ್ಲ ಸಾರ್.”

ಮುದುಕರು ನಗಲಿಲ್ಲ. “ಮುಂದಿನ ಶುಕ್ರವಾರ ನಿಂಗೇನು ಕೆಲಸ?”

“ಅಂಗಡಿ ರಜ. ರೂಮಲ್ಲಿ ಬಿದ್ಕೊಂಡಿರ್ತೀನಿ.”

ಅವರು ಕೆಳಗೆ ಬಗ್ಗಿ ಎಸಿಯ ಫ್ಯೂಸ್ ಕಿತ್ತು ಅವನ ಅಂಗೈಯಲ್ಲಿಟ್ಟರು. ಎಸಿ ನಿಂತಿತು. “ಕೆಟ್ಟಿದೆ ಅಂತಲೇ ಇರಲಿ. ನೀನು ಬಂದು ನೋಡ್ತಾ ಇರು. ಯಾರಿಗೂ ಹೇಳ್ಬೇಡ ಕಣೋ, ನಗ್ತಾರೆ.”

ಅಂದಿನಿಂದ ಪ್ರತಿ ಶುಕ್ರವಾರ ಬಾನೆಟ್ ಎತ್ತಿ ನಿಲ್ಲಿಸಿ, ಬೀದಿಗೆ ಕಾಣುವ ಹಾಗೆ ಸ್ಪ್ಯಾನರುಗಳನ್ನು ಹರಡಿ, ಫ್ಯೂಸ್ ಸಿಕ್ಕಿಸಿಕೊಂಡು ಇಬ್ಬರೂ ಒಳಗೆ ತಣ್ಣಗೆ ಹರಟೆ ಹೊಡೆಯುತ್ತಿದ್ದರು.

*

ಶವದ ವ್ಯಾನು ಮುಂದೆ ದಾಟಿಹೋಯಿತು, ಇವರ ಕಾರಿಗೆ ರೈಲ್ವೆ ಗೇಟು ಅಡ್ಡ ಬಿತ್ತು. ನಡುಮಧ್ಯಾಹ್ನ. ಗಾಜು ಇಳಿಸಿದ್ದರೂ ಒಲೆಯ ಮುಂದೆ ಕೂತ ಹಾಗಿತ್ತು.

“ತಲೆ ಸುತ್ತುತ್ತಿದೆ ಕಣೇ” ಎಂದ ಮುದುಕಿಯ ಕತ್ತು ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ವಾಲಿತು.

“ಅತ್ತೇ! ಕಣ್ಣು ಬಿಡಿ ಅತ್ತೇ!” ಮುಂದೆ ಕೂತಿದ್ದ ಮಗಳು ಕೂಗಿಕೊಂಡಳು.

ಮೆಕ್ಯಾನಿಕ್ ಹಿಂತಿರುಗಿ ನೋಡಿದ. ಮಾತು ಉಳಿಸಿಕೊಳ್ಳಲು ಹೋಗಿ ಈ ಜೀವವನ್ನು ಕಳೆಯುವುದೇ? ಜೇಬಿನಿಂದ ಫ್ಯೂಸ್ ತೆಗೆದು ಸಿಕ್ಕಿಸಿದ, ಗಾಜು ಏರಿಸಿದ, ಗುಂಡಿ ಒತ್ತಿದ.

ಎರಡು ನಿಮಿಷಕ್ಕೆ ಮುದುಕಿ ಕಣ್ಣು ಬಿಟ್ಟರು. “ಅಬ್ಬಾ, ಜೀವ ಬಂತು.”

ಮಗಳು ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿದಳು. “ಯಾವಾಗ ಸರಿಹೋಯ್ತು ಇದು?”

ಈಗಷ್ಟೇ ಎನ್ನಬಹುದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಮೊದಲನೇ ವರ್ಷವೇ ಅಮ್ಮಾ.”

“ಮತ್ತೆ ಇಷ್ಟು ದಿನ ಇಬ್ರೂ ಏನ್ ಮಾಡ್ತಿದ್ರಿ?”

“ಮಾತಾಡ್ತಿದ್ವಿ.”

“ಏನು?”

“ನಿಮ್ಮ ವಿಷಯವೇ ಜಾಸ್ತಿ. ನೀವು ಚಿಕ್ಕೋರಿದ್ದಾಗ ಮೀಟರ್ ಪುಸ್ತಕದ ತುಂಬ ಬೆಕ್ಕು ಬರೆದಿದ್ರಂತೆ, ಆಫೀಸಲ್ಲಿ ಅವ್ರಿಗೆ ಮಂಗಳಾರತಿ ಆಯ್ತಂತೆ. ನೂರು ಸಲ ಹೇಳಿದಾರೆ, ನೂರು ಸಲವೂ ನಕ್ಕಿದಾರೆ.”

“ನನ್ನನ್ನ ಯಾಕೆ ಕರೀಲಿಲ್ಲ?”

“ಸುಮ್‌ಸುಮ್ನೆ ಕರೆದ್ರೆ ಏನಂದ್ಕೋತಾಳೋ ಅಂತಿದ್ರು.”

ರೈಲು ಬಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಅವಳು, “ಅವರು ಕರೀದೆ ಹೇಗೆ ಹೋಗೋದು ಅಂತ ನಾನೂ ಸುಮ್ನಿದ್ದೆ” ಎಂದಳು. ಗೇಟು ಮೇಲೆದ್ದಿತು, ಮೆಕ್ಯಾನಿಕ್ ಗೇರ್ ಹಾಕಿದ.

ಸ್ಮಶಾನದಲ್ಲಿ ಆಗಲೇ ದೇಹವನ್ನು ವ್ಯಾನಿನಿಂದ ಇಳಿಸುತ್ತಿದ್ದರು. ಮೆಕ್ಯಾನಿಕ್ ಇಳಿದು ಮುದುಕಿಯ ಕೈ ಹಿಡಿದು ನೆರಳಿಗೆ ಕೂರಿಸಿದ. ಮಗಳು ಇಳಿಯಲಿಲ್ಲ. ಇಂಜಿನ್ ಇನ್ನೂ ಓಡುತ್ತಲೇ ಇತ್ತು.

“ಮಗಳೆಲ್ರೀ? ಹೊತ್ತಾಯ್ತು” ಎಂದು ಯಾರೋ ಕೂಗಿದರು.

ಕರೆಯಲೆಂದು ಅವನು ಕಾರಿನ ಬಳಿ ಹೋದ. ಗಾಜು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದ. ಒಳಗೆ ಅವಳು ಖಾಲಿಯಾಗಿದ್ದ ಡ್ರೈವರ್ ಸೀಟಿನ ಕಡೆಗೆ ಪೂರ್ತಿ ತಿರುಗಿ, ಕಾಲು ಮೇಲೆ ಮಡಿಚಿಕೊಂಡು ಕೂತು, ಕೈ ಆಡಿಸುತ್ತ, ಒಂದೇ ಸಮನೆ ಏನೋ ಹೇಳುತ್ತಿದ್ದಳು.