ಅರಳು ಹೊಯ್ಯುವ ಅಣ್ಣ

ಮಗಳು ತನ್ವಿಯ ಮದುವೆಯ ಬೆಳಿಗ್ಗೆ ಮಗ ನೀಲ್ ಯಾರಿಗೂ ಹೊಡೆದಿರಲಿಲ್ಲ, ತನ್ನ ಕೈಯನ್ನೂ ಕಚ್ಚಿಕೊಂಡಿರಲಿಲ್ಲ. ಸುಶೀಲಾ ಇದನ್ನು ಕಣ್ಣಾರೆ ಕಂಡಿದ್ದರು. ಆದರೂ ಪತಿ ಗುರುದತ್ತರು ಮಾತ್ರೆಯ ಸೀಸೆ ತೆಗೆದರು.

ನೀಲ್‌ಗೆ ಮೂವತ್ತು ದಾಟಿದೆ. ಮಾತು ಬಾರದು, ಊಟ ಸ್ನಾನಗಳಿಗೆ ಇನ್ನೊಬ್ಬರ ಕೈ ಬೇಕು. ಕೊರೋನಾ ಕಾಲದಲ್ಲಿ ಅವನು ಹಗಲು ಕಳೆಯುತ್ತಿದ್ದ ಕೇಂದ್ರ ಮುಚ್ಚಿದಾಗ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದ್ದ. ಆಗ ಅಮೆರಿಕದ ಡರ್ಹಮ್‌ನ ಡಾಕ್ಟರು ಮಂಪರು ತರುವ ಮಾತ್ರೆ ದಿನಕ್ಕೊಂದರಂತೆ ಬರೆದುಕೊಟ್ಟು, ತೀರ ಕೈ ಮೀರಿದಾಗ ಮಾತ್ರ ಇನ್ನೊಂದು ಕೊಡಿ ಎಂದಿದ್ದರು. ಕೇಂದ್ರ ತೆರೆಯಿತು, ತಲೆ ಬಡಿತ ನಿಂತಿತು, ಮಾತ್ರೆ ನಿಲ್ಲಲಿಲ್ಲ.

"ಇವತ್ತೊಂದು ಎಕ್ಸ್‌ಟ್ರಾ ಕೊಟ್ಬಿಡು, ಸುಶೀಲಾ. ಬೀಗರ ಮುಂದೆ ಕಿರುಚಿದ್ರೆ ಏನು ಮಾಡೋದು?"

"ಸುಮ್ನೆ ಇದಾನಲ್ರೀ. ಡಾಕ್ಟರ್ ಹೇಳಿದ್ದು ಹೀಗಲ್ಲ."

"ನಾನೂ ಡಾಕ್ಟರೇ ಕಣೇ."

"ಹಾರ್ಟಿಗೆ," ಎಂದರು ಸುಶೀಲಾ. ಅಷ್ಟು ಹೇಳಿಯೂ, ಬಾಳೆಹಣ್ಣಿನ ತುಂಡಿನಲ್ಲಿ ಮಾತ್ರೆ ಹುದುಗಿಸಿ ಮಗನ ಬಾಯಿಗಿಟ್ಟವರು ಅವರೇ. ಅಮ್ಮ ಕೊಟ್ಟದ್ದನ್ನು ಅವನು ಎಂದೂ ಉಗುಳಿದವನಲ್ಲ.

ಮದುವೆಗೆ ಗೊತ್ತುಮಾಡಿದ್ದ ಫೋರ್ಟ್ ಮಿಲ್‌ನ ಹಾಲ್‌ನಲ್ಲಿ ನೀಲ್ ರೇಷ್ಮೆ ಜುಬ್ಬಾ ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದ.

"ಎಷ್ಟು ಗುಡ್ ಬಾಯ್ ಆಗ್ಬಿಟ್ಟಿದಾನೆ! ಏನ್ ಮ್ಯಾಜಿಕ್ ಮಾಡಿದ್ರಿ ಆಂಟಿ?" ಎಂದಳು ಇಂದು ಎಂಬ ಪರಿಚಯದ ಹುಡುಗಿ.

ಒಬ್ಬನ ಎಚ್ಚರವನ್ನು ಕಸಿದು ಪಡೆದ ಮೌನಕ್ಕೆ ಒಳ್ಳೆಯತನವೆಂಬ ಹೆಸರು! ಸುಶೀಲಾ ನಗುತ್ತಲೇ ಅದನ್ನು ಕೇಳಿಸಿಕೊಂಡರು.

ತಾಳಿ ಕಟ್ಟಿದ್ದಾಯಿತು. ಲಾಜಹೋಮಕ್ಕೆ ಪುರೋಹಿತರು ವಧುವಿನ ಅಣ್ಣನನ್ನು ಕರೆದರು. ಬೆಂಕಿಗೆ ಅರ್ಪಿಸಲು ತಂಗಿಯ ಬೊಗಸೆಗೆ ಅರಳು ಹೊಯ್ಯಬೇಕಾದವನು ಅವನು. ತಿಂಗಳಿಡೀ ತನ್ವಿ ಅಡುಗೆಮನೆಯಲ್ಲಿ ಅಣ್ಣನ ಮುಂದೆ ಬೊಗಸೆ ಹಿಡಿದು ಕಲಿಸಿದ್ದಳು. ಅವನು ಅರ್ಧ ನೆಲಕ್ಕೆ ಚೆಲ್ಲಿ, ಅರ್ಧ ಅವಳ ಕೈಗೆ ಸುರಿದು, ಪ್ರತಿಸಲವೂ ಕೇಕೆ ಹಾಕುತ್ತಿದ್ದ. ಈಗ ಗುರುದತ್ತರು ಅವನನ್ನು ಎತ್ತಿ ನಿಲ್ಲಿಸಿದರು. ತಲೆ ಎದೆಗೆ ಬಾಗಿತ್ತು. ಕೈಗೆ ತುಂಬಿದ ಅರಳು ಬೆರಳ ಸಂದಿಯಿಂದ ಜಾರಿಹೋಯಿತು.

"ಚಿಕ್ಕಪ್ಪನ ಮಗ ಆದ್ರೂ ಆಗುತ್ತೆ," ಎಂದರು ಪುರೋಹಿತರು. ಅಮೃತ್ ಮುಂದೆ ಬಂದ. ತನ್ವಿ ಬೊಗಸೆ ಮುಚ್ಚಿದಳು.

"ಅಮ್ಮಾ, ಅವನಿಗೆ ಎಕ್ಸ್‌ಟ್ರಾ ಟ್ಯಾಬ್ಲೆಟ್ ಕೊಟ್ಟೆಯಾ?"

"ಹೂಂ," ಎಂದರು ಸುಶೀಲಾ.

"ಐ ವಿಲ್ ವೇಟ್. ಅವನು ಏಳಲಿ."

"ಜನ ಕಾಯ್ತಿದಾರೆ ಪುಟ್ಟಾ," ಎಂದರು ಗುರುದತ್ತರು.

"ಊಟ ಮಾಡ್ಲಿ, ಡ್ಯಾಡಿ."

ವರ ಸೌರಭ್ ಅವಳ ಪಕ್ಕದಲ್ಲೇ ಕುಳಿತ. ಪುರೋಹಿತರು ಬೆಂಕಿಗೆ ಇನ್ನಷ್ಟು ಸೌದೆ ಇಟ್ಟರು.

ಜನ ಉಂಡು ಹೊರಟರು. ಹೆಚ್ಚುಕಡಿಮೆ ಖಾಲಿಯಾದ ಹಾಲ್‌ನಲ್ಲಿ ನೀಲ್ ಕಣ್ಣು ಬಿಟ್ಟ, ಹೊಗೆ ಕಂಡು ಕಿರುಚಿದ, ಕೈ ಕಚ್ಚಿಕೊಂಡ. ಗುರುದತ್ತರ ಕೈ ಜೇಬಿಗೆ ಹೋಯಿತು. ಸುಶೀಲಾ ಅಂಗೈ ಚಾಚಿದರು.

"ಕೊಡಿ ಇಲ್ಲಿ."

ಸೀಸೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸೋಮವಾರ ಅದನ್ನು ಡರ್ಹಮ್‌ನ ಡಾಕ್ಟರ ಮೇಜಿನ ಮೇಲಿಟ್ಟು, ಈ ಮಾತ್ರೆ ಕಡಿಮೆ ಮಾಡುವ ದಾರಿ ಹೇಳಿ ಎಂದು ಕೇಳುವುದು, ಹೇಳುವವರೆಗೆ ಅಲ್ಲಿಂದ ಏಳಬಾರದು ಎಂದುಕೊಂಡರು.

ತನ್ವಿ ಬೊಗಸೆ ಚಾಚಿದಳು. ನೀಲ್‌ನ ಕೂಗು ನಿಲ್ಲಲಿಲ್ಲ. ಕೂಗುತ್ತಲೇ ಅವನು ಅರಳು ಹೊಯ್ದ, ಅರ್ಧ ನೆಲಕ್ಕೆ, ಅರ್ಧ ಅವಳ ಕೈಗೆ.